ಖಾಲಿ ಅಂತ ಒತ್ತು

ಮೇ ತಿಂಗಳಲ್ಲಿ ಕರಿ ನೆಲ ಕಬ್ಬಿಣವಾಗುತ್ತದೆ. ಹಾರೆ ಎತ್ತಿ ಹಾಕಿದರೆ ತುದಿ ಒಳಗೆ ಹೋಗುವುದಿಲ್ಲ. ಠಣ್ಣೆಂದು ವಾಪಸು ಬಂದು ಹಾಕಿದವರ ರಟ್ಟೆಗೇ ಬಡಿಯುತ್ತದೆ. ಅಂಥ ನೆಲದಲ್ಲಿ ಸಾಬವ್ವ ದಿನಕ್ಕೆ ಹನ್ನೆರಡು ಗುಂಡಿ ತೆಗೆಯುತ್ತಿದ್ದಳು. ಒಂದೊಂದೂ ಒಂದೂವರೆ ಗೇಣು ಆಳ. ಅವಳಿಗೆ ಐವತ್ತೆಂಟು ದಾಟಿತ್ತು. ಅಂಗೈಯ ಬೊಕ್ಕೆ ಒಡೆದು ಹಾರೆಗೆ ರಕ್ತ ಹತ್ತಿದರೆ ಸೆರಗಿನಿಂದ ಒರೆಸಿ ಮತ್ತೆ ಎತ್ತುತ್ತಿದ್ದಳು.

ಸೊಸೆ ಯಶೋಧರಾ ಪಕ್ಕದಲ್ಲಿ ಮೊಬೈಲ್ ಹಿಡಿದು ನಿಂತಿರುತ್ತಿದ್ದಳು. ಸುಮ್ಮನೆ ನಿಲ್ಲುವ ಕೆಲಸವಲ್ಲ ಅದು. ಮೊಬೈಲು ಯಾವ ಗುರುತು ತೋರಿಸುತ್ತದೋ ಅಲ್ಲಿಗೇ ನಡೆಯಬೇಕು. ಮುಳ್ಳಿರಲಿ, ಕಲ್ಲಿರಲಿ. ಅತ್ತೆ ತೆಗೆದ ಮಣ್ಣನ್ನು ಪರೀಕ್ಷೆಗೆಂದು ಚೀಲಕ್ಕೆ ತುಂಬಿ ನಂಬರು ಬರೆಯಬೇಕು. ನಾಲ್ಕು ದಿಕ್ಕಿಗೆ ನಾಲ್ಕು ಫೋಟೋ ಹೊಡೆಯಬೇಕು. ಕೊನೆಗೆ ಆ ಜಾಗ ಏನು ಎಂದು ಆರು ಮಾತಿನಲ್ಲಿ ಒಂದನ್ನು ಒತ್ತಬೇಕು. ಬೆಳೆ ಹೊಲ, ಗಿಡಮರ, ಮನೆ, ನೀರು, ಬಂಡೆ, ಖಾಲಿ. ಸಂಜೆ ಹನ್ನೆರಡು ಚೀಲದ ಮಣ್ಣು ಇಬ್ಬರ ತಲೆ ಮೇಲೆ ಊರಿಗೆ ಬರಬೇಕು.

ಊರು ಕವಲವಾಡಿ. ಆಳಂದದಿಂದ ಹಿರೋಳ್ಳಿ ದಾಟಿ ಮಹಾರಾಷ್ಟ್ರದ ಕಡೆ ಹೋದರೆ ಎಡಕ್ಕೆ ಸಿಗುತ್ತದೆ. ಊರ ಹೊರಗೆ ಕೇರಿ. ಕೇರಿಯ ಹತ್ತೊಂಬತ್ತು ಮನೆಯವರು ಬೌದ್ಧರಾಗಿ ಮೂವತ್ತು ವರ್ಷವಾಗಿತ್ತು. ಊರಿನವರ ಬಾಯಲ್ಲಿ ಮಾತ್ರ ಜಾತಿಯ ಹಳೆಯ ಹೆಸರೇ ಉಳಿದಿತ್ತು. ಯಶೋಧರಾಳ ಗಂಡ ಭಗವಂತ ಸೊಲ್ಲಾಪುರದಲ್ಲಿ ಗೌಂಡಿ ಕೆಲಸಕ್ಕೆ ಹೋದವನು, ಬಿತ್ತಿಗೆಗೆ ಮಾತ್ರ ಬರುತ್ತಿದ್ದ. ಯಶೋಧರಾ ಪಿಯುಸಿ ಪಾಸು. ಆ ವರ್ಷ ಗಿಡ ಹಚ್ಚುವ ಒಂದು ಕಂಪನಿ ಊರಿಗೆ ಬಂದಿತ್ತು; ಅದರವರಿಗೆ ಮೊಬೈಲ್ ಓದಬಲ್ಲ, ಬಿಸಿಲಿಗೆ ಹೆದರದ ಹೆಣ್ಣುಮಕ್ಕಳು ಬೇಕಾಗಿದ್ದರು. ಅವಳು ಸಿಕ್ಕಳು.

ಕಂಪನಿಯ ಪರವಾಗಿ ಕಲಬುರಗಿಯಿಂದ ಬಂದವನು ಶಾಂತಕುಮಾರ. ಚಂದ ಮಾತಾಡುತ್ತಿದ್ದ. ಪಂಚಾಯತಿ ಕಟ್ಟೆಯ ಮೇಲೆ ಕೂತು ಮೊದಲ ದಿನ ತಿಳಿಸಿ ಹೇಳಿದ.

"ಭೂಮಿ ಕಾಯ್ದು ಹಂಚ ಆಗಾಕತ್ತದ. ಅದನ್ನ ತಂಪ ಮಾಡಬೇಕಂದ್ರ ಗಿಡ ಹಚ್ಚಬೇಕು. ಎಲ್ಲಿ ಹಚ್ಚಬೇಕು ಅಂತ ಕೃತಕ ಬುದ್ಧಿ ಹೇಳ್ತದ. ಆಕಾಶದಾಗಿಂದ ತೆಗೆದ ಫೋಟೋ ಓದಿ ಹೇಳ್ತದ. ಆದ್ರ ಅದು ಇನ್ನಾ ಕೂಸದ. ಅದಕ್ಕ ನೆಲ ಗೊತ್ತಿಲ್ಲ. ನೆಲಾ ಅಂದ್ರ ಏನು ಅಂತ ನೀವು ಕಲಿಸಬೇಕು. ನೀವು ಏನ ಒತ್ತತೀರಿ ಅದೇ ಅದಕ್ಕ ಖರೆ."

ಯಶೋಧರಾ ಆ ಮಾತನ್ನು ನಂಬಿದಳು. ನಂಬಲು ಕಾರಣವಿತ್ತು. ಎರಡು ವರ್ಷದ ಹಿಂದೆ ಪಕ್ಕದ ಮನೆ ಗುರುಬಾಯಿಯ ಗಂಡ ಕರಜಗಿ ಕಡೆ ರಸ್ತೆ ಕೆಲಸಕ್ಕೆ ಹೋಗಿದ್ದ. ಮಧ್ಯಾಹ್ನ ಎರಡಕ್ಕೆ ಡಾಂಬರಿನ ಮೇಲೆ ಬಿದ್ದ. ಎತ್ತುವಾಗ ಮೈ ಮುಟ್ಟಿದವರ ಕೈ ಸುಟ್ಟಂತಾಗಿತ್ತು. ಸಾವಿನ ಕಾಗದದಲ್ಲಿ ಎದೆನೋವು ಎಂದು ಬರೆದರು. ಬಿಸಿಲು ಎಂದು ಬರೆಯಲಿಲ್ಲ. ಭೂಮಿ ಕಾಯುವುದೆಂದರೆ ಏನೆಂದು ಕೇರಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಅದನ್ನು ತಂಪು ಮಾಡುವ ಕೆಲಸಕ್ಕೆ ತನ್ನ ಬೆರಳೂ ಬೇಕಾಗಿದೆ ಎಂದಾಗ ಅವಳಿಗೆ ಹೆಮ್ಮೆ ಅನಿಸಿತ್ತು.

ಮೊದಲ ವಾರ ಕಲ್ಯಾಣಕುಮಾರನ ಹೊಲ. ಅವನು ಊರ ಸಾಹುಕಾರ, ಪಂಚಾಯತಿ ಅವನ ಕಿಸೆಯಲ್ಲಿ. ಮೂವತ್ತು ಎಕರೆ. ಬೆಳೆ ತೆಗೆದು ನಾಲ್ಕು ತಿಂಗಳಾಗಿತ್ತು. ತೊಗರಿಯ ಕೂಳೆ ಬಿಟ್ಟರೆ ಹುಲ್ಲುಕಡ್ಡಿ ಇರಲಿಲ್ಲ.

"ಏನೂ ಇಲ್ಲಲ್ರಿ ಸರ್. ಖಾಲಿ ಅಂತ ಒತ್ತಲೇನ್ರಿ?" ಎಂದಳು ಯಶೋಧರಾ.

"ಅಯ್ಯ, ಹಂಗ ಮಾಡಬ್ಯಾಡ್ರಿ. ಪಹಣಿ ಅದ, ವರ್ಷಾ ಬೆಳಿತಾರ. ಬೆಳೆ ಹೊಲ ಅಂತ ಒತ್ರಿ" ಎಂದ ಶಾಂತಕುಮಾರ.

ಅವಳು ಒತ್ತಿದಳು.

ನಲವತ್ತನೆಯ ಗುರುತು ಬಾವಿಯ ಹತ್ತಿರ ಬಿತ್ತು. ಸಾಬವ್ವ ಹಾರೆ ಹೊತ್ತು ಹೊರಟಾಗ ಕಲ್ಯಾಣಕುಮಾರ ಬೇವಿನ ನೆರಳಿನಿಂದಲೇ ಕೂಗಿದ. "ಏ ಮುದುಕಿ, ಅಲ್ಲೇ ನಿಂದ್ರು! ಬಾವಿ ಹತ್ರ ನಮ್ಮ ಆಳ ಅಗೀತಾನ. ನೀವು ದೂರ ನಿಂತು ಫೋಟೋ ಹೊಡ್ಕೋರಿ."

ಆಳು ಬಂದ. ಸಾಬವ್ವನ ಕೈಯಿಂದ ಹಾರೆ ಇಸಿದುಕೊಳ್ಳಲಿಲ್ಲ, ತನ್ನದೇ ತಂದಿದ್ದ. ಗುಂಡಿ ತೆಗೆದು ಮಣ್ಣನ್ನು ಬದುವಿನ ಮೇಲೆ ಸುರಿದು ಹೋದ. ಸಾಬವ್ವ ಬಗ್ಗಿ ಬಾಚಿಕೊಂಡಳು. ಮೂವತ್ತೊಂಬತ್ತು ಗುಂಡಿ ಅವಳೇ ತೋಡಿದ್ದಳು. ಅದೇ ಹೊಲದ ನೆಲ. ಹತ್ತು ಹೆಜ್ಜೆ ಆಚೆ ನೀರಿತ್ತು ಎಂಬುದಷ್ಟೇ ಫರಕು. ಶಾಂತಕುಮಾರ ಆಗ ಮೊಬೈಲ್ ನೋಡುತ್ತಿದ್ದ. ಬಹಳ ಹೊತ್ತು ನೋಡಿದ.

ಎರಡನೆಯ ವಾರ ಗುರುತುಗಳು ಗೈರಾಣಕ್ಕೆ ಬಂದವು.

ಗೈರಾಣ ಸರ್ಕಾರದ ಲೆಕ್ಕದಲ್ಲಿ ದನ ಮೇಯುವ ಜಾಗ. ಮೂವತ್ತೆಂಟು ಎಕರೆ. ಒಂದು ಕಾಲಕ್ಕೆ ಅಲ್ಲಿ ದನ ಕೂಡ ಮೂಸುತ್ತಿರಲಿಲ್ಲ, ಅಷ್ಟು ಕಲ್ಲು. ಸಾಬವ್ವನ ಮಾವನ ಕಾಲದಲ್ಲಿ ಕೇರಿಯವರು ಇಳಿದು ಕಲ್ಲು ಆರಿಸಿದರು. ಆರಿಸಿದ ಕಲ್ಲನ್ನೇ ಬದು ಹಾಕಿದರು. ಹಳ್ಳದ ಗೋಡುಮಣ್ಣು ಬುಟ್ಟಿಯಲ್ಲಿ ಹೊತ್ತು ತಂದು ಹಾಸಿದರು. ಸಾಬವ್ವ ಮದುವೆಯಾಗಿ ಬಂದ ಮೂರನೆಯ ದಿನವೇ ಬುಟ್ಟಿ ಹೊತ್ತವಳು. ನಲವತ್ತು ವರ್ಷದಿಂದ ಅಲ್ಲಿ ತೊಗರಿ ಬರುತ್ತದೆ, ಜೋಳ ಬರುತ್ತದೆ. ಹಕ್ಕುಪತ್ರ ಮಾತ್ರ ಬರಲಿಲ್ಲ. ಅರ್ಜಿ ಹಾಕಿದ್ದರು. ಮೂರು ಸಲ ಹಾಕಿದ್ದರು.

ಅವತ್ತು ಸಾಬವ್ವನಿಗೆ ಎಲ್ಲಿಲ್ಲದ ಹುರುಪು. ಬೇರೆಯವರ ಹೊಲದಲ್ಲಿ ಬಾಯಿ ಬಿಡದವಳು ಇಲ್ಲಿ ಮಾತಾಡುತ್ತಲೇ ಅಗೆದಳು. "ನೋಡ ಬೇ ಯಶೋದಿ, ಇಲ್ಲಿ ಹಾರಿ ಹೆಂಗ ಇಳೀತದ! ನಿಮ್ಮ ಮಾವ ಗೋಡು ಹಾಕಿದ್ದು ಇದು."

ಯಶೋಧರಾ ಫೋಟೋ ಹೊಡೆದಳು. ಬೆಳೆ ಹೊಲ ಎಂದು ಒತ್ತಲು ಹೋದಳು. ಶಾಂತಕುಮಾರ ಕೈ ಅಡ್ಡ ತಂದ.

"ಇಲ್ಲಿ ಖಾಲಿ ಅಂತ ಒತ್ತು."

ಅಲ್ಲಿಯತನಕ ಒತ್ರಿ ಅನ್ನುತ್ತಿದ್ದವನು ಒತ್ತು ಅಂದ.

"ಹೊಲ ಅಲ್ರಿ ಸರ್ ಇದು. ಕೂಳಿ ಕಾಣಲ್ಲೇನ್ರಿ?"

"ಪಹಣಿ ಅದ ಏನು?"

ಅವಳು ಇಲ್ಲವೆಂದು ತಲೆ ಆಡಿಸಿದಳು.

"ಮೇ ತಿಂಗಳಾಗ ಬೆಳಿ ಇಲ್ಲ, ಕಾಗದಾನೂ ಇಲ್ಲ. ಅಂಥಾದ್ದಕ್ಕ ಖಾಲಿ ಅಂತಾರ. ನಿಯಮ ನಾ ಮಾಡಿಲ್ಲ. ಬರೇ ಕಲಿಸಲಿಕ್ಕೆ ಅದ, ಇದರಿಂದ ಯಾರಿಗೂ ಏನೂ ಆಗಲ್ಲ. ಒತ್ತಲ್ಲ ಅಂದ್ರ ಮೊಬೈಲ್ ಕೊಟ್ಟುಬಿಡು, ಮಟಕಿ ಊರಿನವರು ಈ ಕೆಲಸಕ್ಕ ಕಾಯಾಕತ್ತಾರ."

ಯಶೋಧರಾ ಅತ್ತೆಯ ಕಡೆ ನೋಡಿದಳು. ಸಾಬವ್ವ ಗುಂಡಿಯಿಂದ ಮಣ್ಣು ಬೊಗಸೆಯಲ್ಲಿ ತೆಗೆದು ಚೀಲಕ್ಕೆ ಹಾಕುತ್ತಿದ್ದಳು. ಯಶೋಧರಾ ಒತ್ತಿದಳು.

"ಏನಂತ ಒತ್ತಿದಿ?" ಸಾಬವ್ವ ತಲೆ ಎತ್ತದೆ ಕೇಳಿದಳು. ಅವಳಿಗೆ ಅಕ್ಷರ ಬರುತ್ತಿರಲಿಲ್ಲ.

"ಹೊಲ ಅಂತ ಒತ್ತೀನಿ ಅತ್ತಿ."

"ಹೂಂ. ಛಲೋ ಆತು."

ಗೈರಾಣದಲ್ಲಿ ಅರವತ್ತನಾಲ್ಕು ಗುರುತು. ಐದೂವರೆ ದಿನದ ಕೆಲಸ. ಅರವತ್ತನಾಲ್ಕು ಸಲ ಸಾಬವ್ವ ಅಗೆದಳು. ಅರವತ್ತನಾಲ್ಕು ಸಲ ಸೊಸೆ ಖಾಲಿ ಎಂದು ಒತ್ತಿದಳು. ಮೂರನೆಯ ದಿನದಿಂದ ಅತ್ತೆ ಕೇಳುವುದನ್ನು ಬಿಟ್ಟಿದ್ದಳು. ನಂಬಿದ್ದಳು. ಯಶೋಧರಾ ಆ ದಿನಗಳಲ್ಲಿ ಕಟ್ಟಿಕೊಂಡು ಹೋದ ರೊಟ್ಟಿಯನ್ನು ಹಾಗೇ ವಾಪಸು ತರುತ್ತಿದ್ದಳು. ಬಿಸಿಲಿಗೆ ಹಾಗೆ ಆಗುತ್ತದೆ ಎಂದು ಗುರುಬಾಯಿ ಮಜ್ಜಿಗೆ ತಂದುಕೊಟ್ಟಳು. ಅದೂ ಹಾಗೇ ಉಳಿಯಿತು.

ಹದಿನೈದು ದಿನಕ್ಕೆ ಗ್ರಾಮಸಭೆ ಕರೆದರು. ಕೇರಿಯವರು ಎಂದಿನಂತೆ ಹಿಂದೆ ನಿಂತರು. ಗೋಡೆಗೆ ದೊಡ್ಡ ನಕಾಶೆ ಅಂಟಿಸಿದ್ದರು. ಕಲ್ಯಾಣಕುಮಾರನ ಹೊಲ ಹಳದಿ. ಗೈರಾಣದ ಮೂವತ್ತೆಂಟು ಎಕರೆ ಬಿಳಿ. ಬಿಳಿಯ ಮೇಲೆ ಸಾಲು ಸಾಲಾಗಿ ಹಸಿರು ಚುಕ್ಕಿ.

ಶಾಂತಕುಮಾರ ಓದಿದ. ಬಿಳಿ ಎಂದರೆ ಖಾಲಿ ಬಿದ್ದ ಜಾಗ. ಅಲ್ಲಿ ಕಂಪನಿ ಆರು ಸಾವಿರ ಗಿಡ ಹಚ್ಚುತ್ತದೆ. ನಲವತ್ತು ವರ್ಷ ಯಾರೂ ಒಳಗೆ ಕಾಲಿಡುವಂತಿಲ್ಲ, ಗಿಡ ಗಾಳಿಯ ಹೊಗೆ ಹೀರಬೇಕು. ಪಂಚಾಯತಿ ಠರಾವು ಮಾಡಿ ಜಾಗ ಬಿಟ್ಟುಕೊಡಬೇಕು.

ಕೇರಿಯವರ ನಡುವೆ ಗುಜುಗುಜು ಎದ್ದಿತು. ಗುರುಬಾಯಿ ಕೇಳಿಯೇಬಿಟ್ಟಳು. "ಖಾಲಿ ಅಂತ ಯಾರ ಹೇಳಿದ್ರು? ನಾವ ಉಳೋ ಹೊಲ ಅದು. ನಮ್ಮ ಹೊಟ್ಟಿ ಅದು."

ಕಲ್ಯಾಣಕುಮಾರ ಕುರ್ಚಿಯಿಂದ ಏಳಲಿಲ್ಲ. ನಗುತ್ತಲೇ ಹೇಳಿದ.

"ನಾ ಹೇಳಿಲ್ಲ ತಂಗಿ. ನಾ ಹೇಳಿದ್ರ ಜಾತಿ ಮಾಡಿದ ಅಂತೀರಿ, ಕೇಸ್ ಹಾಕ್ತೀರಿ. ಇದು ಯಂತ್ರ ಹೇಳ್ಯದ. ಮ್ಯಾಲಿಂದ ನೋಡಿ ಹೇಳ್ಯದ. ಯಂತ್ರಕ್ಕ ಜಾತಿ ಇಲ್ಲ ನೋಡ್ರಿ."

ಮುಂದೆ ಕೂತವರು ನಕ್ಕರು. ಯಾರೋ ಚಪ್ಪಾಳೆಯನ್ನೂ ತಟ್ಟಿದರು.

ಯಶೋಧರಾ ಕೈಯಲ್ಲಿದ್ದ ಮೊಬೈಲ್ ನೋಡಿದಳು. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಪಾಪವೆಲ್ಲ ಯಂತ್ರದ ತಲೆಗೆ ಹೋಗುತ್ತಿತ್ತು. ಪಕ್ಕದಲ್ಲಿ ಸಾಬವ್ವ ನಕಾಶೆಯ ಬಿಳಿಯನ್ನೇ ನೋಡುತ್ತಿದ್ದಳು. ಓದಲು ಬಾರದವಳಿಗೂ ಬಿಳಿ ಬಿಳಿಯೇ.

"ಯಂತ್ರಕ್ಕ ಹೇಳ್ದಾಕಿ ನಾನು."

ಅವಳ ದನಿ ಅವಳಿಗೇ ಹೊಸದಾಗಿ ಕೇಳಿಸಿತು. ಎಲ್ಲರೂ ತಿರುಗಿದರು.

"ಅರವತ್ತನಾಕು ಸಲ ಹೇಳೀನಿ. ಸುಳ್ಳ ಹೇಳೀನಿ. ಈ ಸರ್ ಬಾಜೂಕ ನಿಂತು ಒತ್ತಸಿದ್ರು. ಸಾಹುಕಾರ್ರ, ನಿಮ್ಮ ಹೊಲದಾಗೂ ಮೇ ತಿಂಗಳಾಗ ಏನೂ ಇರ್ಲಿಲ್ಲ. ಅದೇ ಕೂಳಿ, ಅದೇ ಧೂಳು. ಅಲ್ಲಿ ಬೆಳೆ ಹೊಲ ಅಂತ ಒತ್ತಸಿದ್ರು. ನಮ್ಮ ಕಡಿ ಖಾಲಿ ಅಂತ ಒತ್ತಸಿದ್ರು. ಖರೇ ಅದ, ಯಂತ್ರಕ್ಕ ಜಾತಿ ಇರ್ಲಿಲ್ಲ. ನೀವು ಕಲಿಸಿದ್ರಿ. ನನ್ನ ಬೆರಳ ಹಿಡಿದು ಕಲಿಸಿದ್ರಿ."

ಕಲ್ಯಾಣಕುಮಾರನ ನಗು ಮುಖದಲ್ಲೇ ಒಣಗಿತು. "ಸಂಬಳ ತಗೊಂಡು ಈಗ ಮಾತಾಡ್ತಿ ಏನಲೇ?" ಎಂದು ಹಿಂದಿನಿಂದ ಒಬ್ಬ ಒದರಿದ. ಶಾಂತಕುಮಾರ ಅವಳ ಕೈಯಿಂದ ಮೊಬೈಲ್ ಕಿತ್ತುಕೊಂಡ. ಠರಾವು ಆಗಿಯೇ ಹೋಯಿತು. ಸಹಿ ಮೊದಲೇ ಆಗಿದ್ದವು.

ಮನೆಗೆ ಬರುವ ದಾರಿಯಲ್ಲಿ ಸಾಬವ್ವ ಮುಂದೆ ಮುಂದೆ ನಡೆದಳು. ಹೊಸ್ತಿಲ ಹತ್ತಿರ ನಿಂತು ಸೊಸೆಯ ಮುಖ ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಯಶೋಧರಾ ಅತ್ತು ಹಗುರಾಗುತ್ತಿದ್ದಳು. ಸಾಬವ್ವ ಒಳಗೆ ಹೋಗಿ ಗೋಡೆ ಕಡೆ ಮುಖ ಮಾಡಿ ಮಲಗಿದಳು. ಹನ್ನೊಂದು ದಿನ ಅತ್ತೆ ಸೊಸೆಯ ಜೊತೆ ಮಾತು ಬಿಟ್ಟಳು. ರೊಟ್ಟಿ ತಟ್ಟಿ ಇಡುತ್ತಿದ್ದಳು, ತಿನ್ನು ಅನ್ನುತ್ತಿರಲಿಲ್ಲ. ಯಶೋಧರಾ ಆಳಂದದ ತಹಸೀಲಿ ಕಚೇರಿಗೆ ನಾಲ್ಕು ಸಲ ಓಡಾಡಿ ತಕರಾರು ಅರ್ಜಿ ಕೊಟ್ಟು ಬಂದಳು. ಸ್ವೀಕೃತಿಯ ಚೀಟಿ ಸಿಕ್ಕಿತು. ಬೇರೇನೂ ಸಿಗಲಿಲ್ಲ.

ಮಿರಗ ಮಳೆ, ಬಿತ್ತಿಗೆಯ ಮೊದಲ ಮಳೆ, ಬಿದ್ದ ಮರುದಿನ ಬೆಳಿಗ್ಗೆ ಗೈರಾಣಕ್ಕೆ ಜೆಸಿಬಿ ಬಂತು. ಕೇರಿಯವರೂ ಕೂರಿಗೆ ತಂದಿದ್ದರು. ಭಗವಂತ ಬಿತ್ತಿಗೆಗೆಂದು ಊರಿಗೆ ಬಂದಿದ್ದ. ಜೆಸಿಬಿಯ ಹಿಂದೆ ಕಲ್ಯಾಣಕುಮಾರನ ಜನ ಇಪ್ಪತ್ತು ಮಂದಿ, ಬಡಿಗೆ ಹಿಡಿದವರು. ಗಂಡಸರು ಮುಂದೆ ಹೋದರೆ ಹೊಡೆದಾಟ. ಹೊಡೆದಾಟವಾದರೆ ಕೇರಿಯೇ ಸುಡುತ್ತದೆ. ಎಲ್ಲರಿಗೂ ಅದು ಗೊತ್ತಿತ್ತು. ಬಂದವರಿಗೆ ಬೇಕಾಗಿದ್ದೂ ಅದೇ.

ಯಂತ್ರದ ಕೈ ಇಳಿಯಿತು. ಒಂದು ಗುಂಡಿ. ಎರಡು ಗುಂಡಿ. ಸಾಬವ್ವ ಹನ್ನೆರಡು ತೋಡಲು ಇಡೀ ದಿನ ಹಿಡಿಯುತ್ತಿದ್ದ ನೆಲದಲ್ಲಿ ಅದು ಕಣ್ಣು ಮುಚ್ಚಿ ತೆರೆಯುವುದರೊಳಗೆ ಹನ್ನೊಂದು ತೋಡಿತು.

ಆಗ ಸಾಬವ್ವ ನಡೆದಳು. ಬಡಿಗೆಯವರ ನಡುವೆಯೇ ನಡೆದಳು. ಅವರು ಮೈ ತಾಗೀತೆಂದು ತಾವೇ ಸರಿದು ದಾರಿ ಬಿಟ್ಟರು. ಮೊದಲನೆಯ ಗುಂಡಿಯಲ್ಲಿ ಇಳಿದು ಕೂತಳು. ಎದೆತನಕ ಮಣ್ಣು. ತಿರುಗಿ ಸೊಸೆಯನ್ನು ನೋಡಿದಳು. ಹನ್ನೊಂದು ದಿನದ ಮೇಲೆ ಮೊದಲ ಮಾತು ಆಡಿದಳು.

"ನಿಂತು ಏನ್ ನೋಡ್ತಿ ಬೇ? ಇಳಿ."

ಯಶೋಧರಾ ಇಳಿದಳು. ಗುರುಬಾಯಿ ಇಳಿದಳು. ಗುಂಡಿಗೊಬ್ಬರಂತೆ ಹನ್ನೊಂದು ಹೆಂಗಸರು ಇಳಿದು ಕೂತರು. ಹಸಿ ಮಣ್ಣು ತೊಡೆಗೆ ತಣ್ಣಗೆ ಹತ್ತಿತು. ಕಲ್ಯಾಣಕುಮಾರ ಬದುವಿನ ಮೇಲಿಂದ ಕೂಗಿದ. "ಮುಚ್ಚಲೇ! ಮಣ್ಣ ಎಳಿ, ಎದ್ದು ಓಡ್ತಾರ."

ಜೆಸಿಬಿ ನಡೆಸುತ್ತಿದ್ದವನು ಅಮೋಘಸಿದ್ದ. ಅಫಜಲಪುರದ ಕಡೆಯವನು, ದಿನಗೂಲಿಯವನು. ಯಂತ್ರದ ಕೈ ಎತ್ತಿದ. ಸಾಬವ್ವನ ತಲೆಯ ಮೇಲೆ ಅದು ನಿಂತಿತು. ಅದರ ಹಲ್ಲಿನಿಂದ ಕೆಸರು ಅವಳ ನೆತ್ತಿಗೆ ತೊಟ್ಟಿಕ್ಕಿತು. ಅವಳು ಮೇಲೆ ನೋಡಲಿಲ್ಲ. ಅಮೋಘಸಿದ್ದ ಕೈಯನ್ನು ಪಕ್ಕಕ್ಕೆ ತಿರುಗಿಸಿ ನೆಲಕ್ಕೆ ಇಟ್ಟ. ಇಂಜಿನ್ ಬಂದ್ ಮಾಡಿದ.

"ನನ್ನ ಕೈಲೆ ಆಗಲ್ರಿ ಸಾಹುಕಾರ್ರ. ಮಂದಿ ಕುಂತಾರ" ಎಂದ.

"ಮಂದಿ ಏನಲೇ ಅವು?"

ಅಮೋಘಸಿದ್ದ ಯಂತ್ರದಿಂದ ಇಳಿದ. ಕೀಲಿ ಜೇಬಿಗೆ ಹಾಕಿಕೊಂಡು ರಸ್ತೆ ಹಿಡಿದ.

ಮಧ್ಯಾಹ್ನ ಪೊಲೀಸರು ಬಂದು ಹನ್ನೊಂದು ಮಂದಿಯನ್ನೂ ಎತ್ತಿ ವ್ಯಾನಿಗೆ ಹಾಕಿದರು. ಎಳೆಯುವಾಗ ಗುರುಬಾಯಿಯ ಕುಪ್ಪಸ ಹರಿಯಿತು. ಸಾರ್ವಜನಿಕ ಕೆಲಸಕ್ಕೆ ಅಡ್ಡಿ, ಅಕ್ರಮ ಗುಂಪು ಎಂದು ಕೇಸಾಯಿತು. ಬಡಿಗೆಯವರು ಗೆದ್ದೆವೆಂದು ಊರಿಗೆ ಮರಳಿದರು, ಕೀಲಿಯಿಲ್ಲದ ಜೆಸಿಬಿ ನಿಂತಲ್ಲೇ ನಿಂತಿತು. ಜಾಮೀನು ಸಿಗುವತನಕ ಹೆಂಗಸರು ಠಾಣೆಯ ನೆಲದ ಮೇಲೆ ಕೂತಿದ್ದ ಆ ಎರಡು ದಿನದಲ್ಲಿ ಇತ್ತ ಗಂಡಸರು, ಮುದುಕರು, ಬಸುರಿಯರು ಸೇರಿ ಮೂವತ್ತೆಂಟು ಎಕರೆ ಬಿತ್ತಿ ಮುಗಿಸಿದರು. ಗುಂಡಿಗಳನ್ನು ಮುಚ್ಚಿ ಅದರ ಮೇಲೂ ಬಿತ್ತಿದರು. ಕಂಪನಿಯ ಗಿಡ ಲಾರಿಯಲ್ಲಿ ಬಂದು ಪಂಚಾಯತಿಯ ಹಿಂದೆ ಇಳಿದವು. ನೀರು ಹಾಕುವವರಿಲ್ಲದೆ ಅಲ್ಲೇ ಒಣಗಿದವು. ಆ ದಾರಿಯಲ್ಲಿ ಹೋದಾಗಲೆಲ್ಲ ಯಶೋಧರಾ ನಿಂತು ಅವನ್ನು ನೋಡುತ್ತಿದ್ದಳು. ಗಿಡದ ಮೇಲೆ ಅವಳಿಗೇನು ಹಗೆ? ಊರಲ್ಲಿ ನೆರಳು ಬೇಕಿತ್ತು. ಸಾಹುಕಾರನ ಮೂವತ್ತು ಎಕರೆಯ ಬದುವಿಗೆ ಹಚ್ಚಿದ್ದರೂ ಆರು ಸಾವಿರ ಅಲ್ಲದಿದ್ದರೆ ಆರು ನೂರಾದರೂ ಹಿಡಿಯುತ್ತಿದ್ದವು. ಅಲ್ಲಿ ಹಚ್ಚು ಎಂದು ಯಾವ ನಕಾಶೆಯೂ ಹೇಳಲಿಲ್ಲ.

ಸೆಪ್ಟೆಂಬರಿನಲ್ಲಿ ತೊಗರಿ ಎದೆಮಟ್ಟ ನಿಂತಿತು. ಒಂದು ದಿನ ಶಾಂತಕುಮಾರ ಕೇರಿಗೆ ಬಂದ. ಅದೇ ಮೊದಲು. ಅಂಗಳದಲ್ಲಿ ಬೂಟು ಬಿಚ್ಚಿ ಒಳಗೆ ಬಂದು ನೆಲದ ಮೇಲೆ ಕೂತ. ನೀರು ಕೊಟ್ಟರೆ ಕುಡಿದ. ಸೊರಗಿದ್ದ.

"ಯಶೋಧರಾ ಅವರ, ಒಂದ ಕೆಲಸ ಆಗಬೇಕಿತ್ರಿ. ಗೈರಾಣ ಮ್ಯಾಲಿಂದ ಹಸರ ಕಾಣಾಕತ್ತದ. ಯಂತ್ರ ಏನಂತದಂದ್ರ, ಗಿಡ ಹತ್ಯಾವ, ಯೋಜನಾ ಪಾಸ್ ಅಂತದ. ಮ್ಯಾಲಿನವರು ಖುಷ್ ಆಗ್ಯಾರ. ಆದ್ರ ನೆಲದ ಮ್ಯಾಲ ನಿಂತು ಯಾರರೆ ಹೌದು ಅನ್ನಬೇಕು. ಆ ಅರವತ್ತನಾಕು ಗುರುತು ನಿಮ್ಮ ಹೆಸರಿಲೆ ಅವ. ನೀವೇ ಒತ್ತಬೇಕಾಗ್ತದ."

"ಏನಂತ ಒತ್ತಬೇಕ್ರಿ?"

"ಗಿಡಮರ ಅಂತ."

ಅವಳು ಅವನ ಮುಖ ನೋಡಿದಳು. ತಮಾಷೆ ಇರಲಿಲ್ಲ.

"ತೊಗರಿ ಅದ ಅಲ್ರಿ ಅದು."

"ಗೊತ್ತದ್ರಿ. ಮ್ಯಾಲಿಂದ ಎರಡೂ ಒಂದೇ ಕಾಣ್ತಾವ." ಅವನು ದನಿ ತಗ್ಗಿಸಿದ. "ಒತ್ತಿದ್ರ ಕೇಸ್ ವಾಪಸ್ ತಗೋತಾರ. ಸಾಹುಕಾರ್ರು ಮಾತ ಕೊಟ್ಟಾರ. ಹನ್ನೊಂದು ಮಂದೀದೂ. ನಿಮ್ಮ ಹೊಲಕ್ಕ ಯಾರೂ ಬರಂಗಿಲ್ಲ. ನೀವು ಉಳ್ಕೋತ ಹೋಗ್ರಿ, ಅವರು ಗಿಡ ಅಂತ ಬರ್ಕೋತ ಹೋಗ್ತಾರ. ಯಾರಿಗೇನು ಲುಕ್ಸಾನ?"

ಯಶೋಧರಾ ಮನಸ್ಸಿನಲ್ಲೇ ಎಣಿಸಿದಳು. ಹನ್ನೊಂದು ಮಂದಿ. ಗುರುಬಾಯಿಗೆ ತಾರೀಖಿನ ಹಿಂದಿನ ದಿನವೇ ಜ್ವರ ಬರುತ್ತಿತ್ತು. ಕೋರ್ಟಿಗೆ ಹೋದ ದಿನ ಕೂಲಿ ಇಲ್ಲ. ಒಂದು ಬೆರಳು ಇಟ್ಟರೆ ಎಲ್ಲ ಮುಗಿಯುತ್ತಿತ್ತು. ಅವನು ಮೊಬೈಲ್ ಮುಂದೆ ಇಟ್ಟ. ಅವಳು ಎತ್ತಿಕೊಂಡಳು.

"ಅತ್ತಿ, ಕೇಳಿದ್ರಿಲ್ಲ?"

ಸಾಬವ್ವ ಒಲೆಯ ಮುಂದೆ ಕೂತಿದ್ದಳು. "ಕೇಳೀನಿ. ಒತ್ತು, ಬಿಡು, ನಿನಗ ಬಿಟ್ಟದ್ದು. ಈ ಸಲ ಏನ್ ಒತ್ತತಿ ಖರೆ ಹೇಳು ನನಗ."

ಯಶೋಧರಾ ಮೊಬೈಲನ್ನು ಅವನ ಮುಂದೆ ವಾಪಸು ಇಟ್ಟಳು.

"ಇಲ್ರಿ ಸರ್. ಗಿಡ ಅಂತ ಒತ್ತಿದ್ರ ನಾವು ಮತ್ತ ಇರಲ್ಲ. ಮುಂದ ನಿಮ್ಮ ಮಂದಿ ಬಂದು, ಇಲ್ಲಿ ಗಿಡ ಇದ್ದವು, ಈ ಮಂದಿ ಕಡದು ತೊಗರಿ ಹಾಕ್ಯಾರ ಅಂತಾರ. ಅದೊಂದೇ ಅಲ್ರಿ. ಗಿಡ ಇಲ್ಲದ ಕಡಿ ಗಿಡ ಅಂದ್ರ ಬಿಸಲು ಕಮ್ಮಿ ಆಗ್ತದ ಏನ್ರಿ? ಡಾಂಬರ ಮ್ಯಾಲ ಬೀಳಾವರು ಬೀಳಾಕತ್ತೇ ಇರ್ತಾರ. ಬೆಳೆ ಹೊಲ ಅಂತ ಒತ್ತತೀನಿ. ಬೇಕಂದ್ರ ಈಗ ಬರ್ರಿ, ಅರವತ್ತನಾಕೂ ಒತ್ತತೀನಿ."

ಶಾಂತಕುಮಾರ ಮೊಬೈಲ್ ಎತ್ತಿ ಕಿಸೆಗೆ ಹಾಕಿಕೊಂಡ. "ಹಂಗ ಒತ್ತಿದ್ರ ನನ್ನ ನೌಕರಿ ಹೋಗ್ತದ್ರಿ" ಎಂದ.

"ನನ್ನದು ಹೋಗಿ ಮೂರು ತಿಂಗಳಾತ್ರಿ."

ಅವನು ಎದ್ದು ಬೂಟು ಹಾಕಿಕೊಂಡು ಹೋದ. ಕೇಸು ಉಳಿಯಿತು.

ದೀಪಾವಳಿಯಾದ ಮೇಲೆ ತಾರೀಖು ಇತ್ತು. ಹನ್ನೊಂದು ಹೆಂಗಸರು ಬೆಳಿಗ್ಗೆಯ ಬಸ್ಸಿನಲ್ಲಿ ನಿಂತುಕೊಂಡೇ ಆಳಂದಕ್ಕೆ ಹೋದರು. ಕೋರ್ಟಿನ ವರಾಂಡದಲ್ಲಿ ಮೂರು ತಾಸು ಕಾದರು. ಕೂಗುವವನು ಹೆಸರು ಕೂಗಿದ. ಒಬ್ಬೊಬ್ಬರೇ "ಇದ್ದೇನ್ರಿ" ಎಂದು ಒಳಗೆ ಹೋಗಿ ಸಾಲಾಗಿ ನಿಂತರು. ಆರೋಪ ಓದಿದರು. ಸರ್ವೆ ನಂಬರಿನ ಖಾಲಿ ಜಾಗದಲ್ಲಿ ಆರೋಪಿಗಳು ಗುಂಪಾಗಿ ಕೂತು, ವಾತಾವರಣ ಸುಧಾರಿಸುವ ಕೆಲಸಕ್ಕೆ ಅಡ್ಡಿಪಡಿಸಿ ಎಂದು ಶುರುವಾಗಿ ಬಹಳ ಉದ್ದ ಇತ್ತು. ಸಾಬವ್ವ ಕಿವಿಗೊಟ್ಟು ಕೇಳಿದಳು. ಮುಗಿದ ಮೇಲೆ ತಲೆಯ ಸೆರಗು ಸರಿಮಾಡಿಕೊಂಡು ಒಂದು ಹೆಜ್ಜೆ ಮುಂದೆ ಬಂದಳು.

"ಸಾಹೇಬ್ರ, ನಾ ಓದಿಲ್ಲ. ಒಂದ ಮಾತ ತಿಳೀವಲ್ದು. ಜಾಗಾ ಖಾಲಿ ಇತ್ತಂದ್ರ ನಾವ್ ಹನ್ನೊಂದು ಮಂದಿ ಎಲ್ಲಿ ಕುಂತಿದ್ವಿ?"

ನ್ಯಾಯಾಧೀಶರು ಕಾಗದ ಮಗುಚಿದರು. ಮುಂದಿನ ತಾರೀಖು ಕೊಟ್ಟರು.